ಒಂಬತ್ತಕ್ಕೆ ಸರಿ, ಹನ್ನೊಂದಕ್ಕೆ ತಪ್ಪು

ಈ ಬೇಸಿಗೆಯಲ್ಲಿ ನಮ್ಮ ಓಣಿಯ ಇಬ್ಬರು ಹುಡುಗರಿಗೆ ಮಾಸ್ತರಿಕೆಯ ಆರ್ಡರು ಬಂತು. ಪೇಡೆಯ ಪೊಟ್ಟಣ ಹಿಡಿದು ಮನೆಗೆ ಬಂದವರು, “ಅಜ್ಜಾರ, ನಮಗ ಏನಾರ ನಾಕು ಮಾತು ಹೇಳ್ರಿ” ಎಂದರು. ಪೇಡೆ ತಿಂದು ನಾಲ್ಕು ಮಾತು ಹೇಳಿ ಕಳಿಸಿದೆ. ಅವರು ಹೋದಮೇಲೆ, ಹೇಳಬೇಕಾದದ್ದನ್ನು ಹೇಳಲೇ ಇಲ್ಲವಲ್ಲ ಎಂದು ಅನಿಸಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಬೀಳ್ಕೊಡುವಾಗ ಯಾರು ಶಾಲು ಹೊದಿಸಿದರು ಎಂಬುದರಿಂದ ಯಾರಿಗೂ ಉಪಯೋಗವಿಲ್ಲ. ನನ್ನ ತಪ್ಪುಗಳಿಂದ ಆದರೂ ಆದೀತು. ಅವುಗಳಲ್ಲಿ ಹೆಚ್ಚಿನವು ಲೆಕ್ಕ ಕಲಿಸುವಾಗ ಆದವು. ಭಾಗಾಕಾರ ಮಾಡದೆಯೇ ಒಂದು ಸಂಖ್ಯೆ ಇನ್ನೊಂದರಿಂದ ಶೇಷವಿಲ್ಲದೆ ಭಾಗವಾಗುತ್ತದೋ ಇಲ್ಲವೋ ಎಂದು ಕಂಡುಹಿಡಿಯುವ ಸಣ್ಣ ಸಣ್ಣ ಸೂತ್ರಗಳಿವೆಯಲ್ಲ, ಅವುಗಳ ಹುಚ್ಚು ನನಗೆ ಮೊದಲಿನಿಂದಲೂ ಇತ್ತು.

ಆ ಹುಚ್ಚು ಹಿಡಿಸಿದವರು ಯಲಬುರ್ಗಿಯ ಒಬ್ಬ ವಯಸ್ಸಾದ ಮಾಸ್ತರರು. ಅವರನ್ನು ಎಲ್ಲರೂ ದೊಡ್ಡ ಮಾಸ್ತರರು ಎನ್ನುತ್ತಿದ್ದರು. ತಮ್ಮ ಮನೆಯ ಪಡಸಾಲೆಯಲ್ಲೇ ಖಾಸಗಿ ಶಾಲೆ ನಡೆಸುತ್ತಿದ್ದರು. ನಾನು ಇರಕಲ್ಲಗಡದ ಕೂಲಿಯವರ ಮನೆಯ ಹುಡುಗ. ತಡವಾಗಿ ಏಳನೆಯ ತರಗತಿ ಮುಗಿಸಿ, ಮೂವತ್ತರ ದಶಕದ ನಡುವಿನಲ್ಲಿ, ಅವರ ಕೈಕೆಳಗೆ ಎರಡು ವರ್ಷ ದುಡಿದೆ. ಅವರ ಹತ್ತಿರ ಕಪ್ಪು ಹಲಗೆ ಇರಲಿಲ್ಲ. ಜೋಳದ ದಂಟನ್ನು ಬೆರಳುದ್ದ ಕತ್ತರಿಸಿ, ಹತ್ತು ಹತ್ತು ಕಡ್ಡಿಗಳ ಕಟ್ಟು ಕಟ್ಟಿ ಇಟ್ಟುಕೊಂಡಿದ್ದರು. ಅಂಥ ಹತ್ತು ಕಟ್ಟು ಸೇರಿದರೆ ನೂರರ ಹೊರೆ.

ಒಂದು ಸಂಖ್ಯೆಯ ಅಂಕಿಗಳನ್ನು ಕೂಡಿಸಿದಾಗ ಬರುವ ಮೊತ್ತ ಒಂಬತ್ತರಿಂದ ಭಾಗವಾದರೆ ಆ ಸಂಖ್ಯೆಯೂ ಭಾಗವಾಗುತ್ತದೆ ಎಂದು ನಾನು ಒಂದು ದಿನ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದೆ. ದೊಡ್ಡ ಮಾಸ್ತರರು ಒಳಗಿನಿಂದ ಎದ್ದು ಬಂದರು.

“ಯಾಕ ಹಂಗ ಆಗತೈತಿ, ಗೊತ್ತೈತೇನು?” ಎಂದು ಕೇಳಿದರು.

“ಇಲ್ರಿ. ಸೂತ್ರ ಐತ್ರಿ” ಎಂದೆ.

“ನಿನಗ ಗೊತ್ತಿಲ್ಲದ್ದನ್ನ ಅವರಿಗೆ ಯಾಕ ಕೊಡ್ತಿ?” ಎಂದು ನನ್ನನ್ನು ಮಕ್ಕಳ ಸಾಲಿನಲ್ಲೇ ಕೂರಿಸಿದರು. ಇನ್ನೂರ ಮೂವತ್ನಾಲ್ಕು ಕಡ್ಡಿ ಮುಂದಿಟ್ಟರು: ಎರಡು ಹೊರೆ, ಮೂರು ಕಟ್ಟು, ನಾಲ್ಕು ಬಿಡಿ. ಪ್ರತಿ ಹೊರೆಯಿಂದ ಒಂದು ಕಡ್ಡಿ ಹಿರಿದರು, ಉಳಿದದ್ದು ತೊಂಬತ್ತೊಂಬತ್ತು. ಪ್ರತಿ ಕಟ್ಟಿನಿಂದ ಒಂದು ಹಿರಿದರು, ಉಳಿದದ್ದು ಒಂಬತ್ತು. “ಇವು ಹೆಂಗೂ ಒಂಬತ್ತರಾಗ ಹೋಗ್ತಾವ, ಇವುಗಳ ಚಿಂತಿ ಬಿಡು. ಹಿರಿದದ್ದೆಷ್ಟು? ಎರಡು, ಮೂರು. ಬಿಡಿ ನಾಕು. ಒಟ್ಟು ಒಂಬತ್ತು. ಮುಗೀತು.” ಹಿರಿದ ಕಡ್ಡಿಗಳೇ ಅಂಕಿಗಳ ಮೊತ್ತ. ಮೂರರ ಸೂತ್ರಕ್ಕೂ ಇದೇ ಕಾರಣ. ಇಷ್ಟು ಸರಳವಾದದ್ದನ್ನು ನನಗೆ ಏಳು ವರ್ಷದಲ್ಲಿ ಯಾರೂ ತೋರಿಸಿರಲಿಲ್ಲ. ನನಗೆ ಅಂದು ಆದ ಸಂತೋಷವನ್ನು ಮುಚ್ಚಿಡುವುದೇಕೆ, ಸಂಜೆ ಒಬ್ಬನೇ ಕುಳಿತು ಮತ್ತೆ ಮತ್ತೆ ಕಡ್ಡಿ ಹಿರಿದು ನೋಡಿದೆ.

ಅವರೇ ಗುಣಾಕಾರದ ಉತ್ತರವನ್ನು ಒಂಬತ್ತರಿಂದ ಪರೀಕ್ಷಿಸುವುದನ್ನೂ ಕಲಿಸಿದರು. ಗುಣಿಸುವ ಎರಡು ಸಂಖ್ಯೆಗಳ ಅಂಕಿಗಳನ್ನು ಬೇರೆ ಬೇರೆಯಾಗಿ ಒಂದೇ ಅಂಕಿ ಉಳಿಯುವ ತನಕ ಕೂಡಿಸುವುದು; ಆ ಎರಡನ್ನು ಗುಣಿಸಿ ಮತ್ತೆ ಕೂಡಿಸುವುದು; ಉತ್ತರದ ಅಂಕಿಗಳನ್ನು ಕೂಡಿಸಿದರೂ ಅಷ್ಟೇ ಬರಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ. “ಇದು ತಪ್ಪನ್ನ ಹಿಡೀತೈತಿ. ಎಲ್ಲಾ ತಪ್ಪನ್ನೂ ಹಿಡೀತೈತಿ ಅಂತ ನಾ ಹೇಳಿಲ್ಲ” ಎಂದೂ ಅಂದರು. ಮೊದಲಿನದನ್ನು ಕೇಳಿಸಿಕೊಂಡೆ, ಎರಡನೆಯದನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಆಗ ನನಗೆ ಇಪ್ಪತ್ತು ವರ್ಷ.

ಅಲ್ಲಿಂದ ಸರಕಾರಿ ಶಾಲೆಗೆ ಹಂಗಾಮಿ ಮಾಸ್ತರನಾಗಿ ಹೋದೆ. ಹುಲಿಹೈದರದ ಆಚೆಯ ಒಂದು ಸಣ್ಣ ಹಳ್ಳಿ. ಅದರ ಹೆಸರು ಇಲ್ಲಿ ಬೇಡ, ತಪ್ಪು ನನ್ನದು, ಊರಿನದಲ್ಲ. ಒಂದೇ ಕೋಣೆ, ನಾಲ್ಕು ತರಗತಿ, ಒಬ್ಬನೇ ಮಾಸ್ತರ. ಕನ್ನಡವನ್ನೂ ಉರ್ದುವನ್ನೂ ನಾನೇ ಕಲಿಸಬೇಕು. ಬಂದ ತಿಂಗಳಲ್ಲೇ ಐದರ ಸೂತ್ರ ಹೇಳಿಕೊಟ್ಟೆ: ಕೊನೆಯ ಅಂಕಿ ಸೊನ್ನೆ ಅಥವಾ ಐದು ಇದ್ದರೆ ಭಾಗವಾಗುತ್ತದೆ. ಹಲಗೆಯ ಮೇಲೆ 532 ಬರೆದು, “ಹೋಗತೈತೇನು?” ಎಂದೆ. ಅರ್ಧ ತರಗತಿ “ಹೋಗತೈತ್ರಿ” ಎಂದಿತು. ಇನ್ನರ್ಧ “ಹೋಗಂಗಿಲ್ರಿ” ಎಂದಿತು. ಹೋಗುತ್ತದೆ ಎಂದವರಿಗೆ ಎರಡೆರಡು ಏಟು ಬಿಗಿದೆ. ಆಮೇಲೆ ಹೊಳೆಯಿತು, ಆ ಅರ್ಧದವರಿಗೆ ನಾನೇ ಆಗತಾನೆ ಉರ್ದು ಪಾಠ ಮುಗಿಸಿದ್ದೆ. ಅದರಲ್ಲಿ ಸಾಲು ಬಲದಿಂದ ಶುರುವಾಗಿ ಎಡಕ್ಕೆ ಮುಗಿಯುತ್ತದೆ. ಕಣ್ಣು ಇನ್ನೂ ಅದೇ ಗತಿಯಲ್ಲಿತ್ತು, ಸಾಲು ಮುಗಿಯುವ ಕಡೆ ನೋಡಿದರು, ಅಲ್ಲಿ ಐದು ಕುಳಿತಿತ್ತು. ಮಕ್ಕಳನ್ನು ಹೊಡೆದದ್ದಕ್ಕೆ ನಾಚಿಕೆಯಾಯಿತು. ಅಂದಿನಿಂದ ‘ಬಿಡಿಯ ಸ್ಥಾನದ ಅಂಕಿ’ ಎಂದು ಬೆರಳಿಟ್ಟು ತೋರಿಸುತ್ತಿದ್ದೆ.

ಏಳರ ಸೂತ್ರದ ಕತೆ ಬೇರೆ. ಬಿಡಿಯ ಅಂಕಿಯನ್ನು ಇಮ್ಮಡಿ ಮಾಡಿ ಉಳಿದ ಸಂಖ್ಯೆಯಿಂದ ಕಳೆಯಬೇಕು. ಉಳಿದದ್ದು ಏಳರಿಂದ ಭಾಗವಾದರೆ ಮೊದಲಿನದೂ ಆಗುತ್ತದೆ. 343ಕ್ಕೆ ಮೂವತ್ನಾಲ್ಕರಲ್ಲಿ ಆರು ಕಳೆದರೆ ಇಪ್ಪತ್ತೆಂಟು, ಆಯಿತು. ನಾನು ಇದನ್ನು ಒಂದು ವಾರ ಕಲಿಸಿದೆ. ಮಕ್ಕಳು ಸೂತ್ರ ಹಚ್ಚುವಷ್ಟರಲ್ಲಿ ಭಾಗಾಕಾರವನ್ನೇ ಮಾಡಿ ಮುಗಿಸಬಹುದಿತ್ತು. ಬಿಟ್ಟುಬಿಟ್ಟೆ. ನಿಮಗೂ ಅದನ್ನೇ ಹೇಳುತ್ತೇನೆ: ಸೂತ್ರ ಇದೆಯೆಂದು ಕಲಿಸಬೇಡಿ, ಕೆಲಸ ಕಡಿಮೆಯಾದರೆ ಕಲಿಸಿ.

ನಾಲ್ಕನೆಯ ತರಗತಿಯಲ್ಲಿ ಆರು ಮಕ್ಕಳಿದ್ದರು. ಅವರಲ್ಲಿ ಇಬ್ಬರನ್ನು ಹೇಳಬೇಕು. ಒಬ್ಬಳು ಇಮಾಂಬಿ, ಗಾದಿಗೆ ಅರಳೆ ಹಿಂಜಿ ಕೊಡುವ ಮೌಲಾಸಾಬನ ಮಗಳು. ಶಾಲೆಯಲ್ಲಿ ದೊಡ್ಡ ಹುಡುಗಿ ಅವಳೊಬ್ಬಳೇ. ಬಾಗಿಲ ಪಕ್ಕದಲ್ಲಿ ಒಬ್ಬಳೇ ಕೂರುತ್ತಿದ್ದಳು. ಇನ್ನೊಬ್ಬ ದುರುಗಪ್ಪ, ಕೂಲಿಯವರ ಹುಡುಗ. ಕೂರೆಂದರೆ ಕೂರುವವನು, ನಿಲ್ಲೆಂದರೆ ನಿಲ್ಲುವವನು. ಅಂಥ ಹುಡುಗರು ಮಾಸ್ತರರಿಗೆ ಬಹಳ ಇಷ್ಟ. ನನಗೂ ಇಷ್ಟವಾಗಿದ್ದ.

ಇಮಾಂಬಿಯ ಸ್ವಭಾವ ಅದಕ್ಕೆ ವಿರುದ್ಧ. ಹನ್ನೆರಡರ ಸೂತ್ರ ಹೇಳುವ ದಿನ ನಾನು ಅವಸರದಲ್ಲಿದ್ದೆ. “ಎರಡರಾಗೂ ಹೋಗಬೇಕು, ಆರರಾಗೂ ಹೋಗಬೇಕು. ಎರಡಾರ್ಲೆ ಹನ್ನೆರಡು. ಅಂದ್ರ ಹನ್ನೆರಡರಾಗೂ ಹೋಗತೈತಿ” ಎಂದೆ. ಎಲ್ಲರೂ ಬರೆದುಕೊಂಡರು. ಬಾಗಿಲ ಪಕ್ಕದಿಂದ ಇಮಾಂಬಿ ಕೇಳಿದಳು:

“ಹದಿನೆಂಟ್ರಿ?”

“ಏನು ಹದಿನೆಂಟು?”

“ಎರಡರಾಗ ಹೋಗತೈತ್ರಿ, ಆರರಾಗ ಹೋಗತೈತ್ರಿ. ಹದಿನೆಂಟು ಗಾಜಿನ ಬಳಿ ಇದ್ರ ಡಜನ್ ಲೆಕ್ಕ ಕೂಡಂಗಿಲ್ಲಲ್ರಿ, ಆರು ಉಳೀತಾವ.”

ನಾನು ಹಲಗೆಯ ಕಡೆ ತಿರುಗಿ ನಿಂತೆ. ಹನ್ನೆರಡಕ್ಕೆ ನೋಡಬೇಕಾದದ್ದು ಮೂರು ಮತ್ತು ನಾಲ್ಕು. ಆರರಲ್ಲಿ ಹೋಗುವುದು ಎರಡರಲ್ಲಿ ಹೋಗಿಯೇ ಹೋಗುತ್ತದೆ, ಎರಡು ಸಲ ಕೇಳಿದರೂ ಒಂದೇ ಪ್ರಶ್ನೆ ಕೇಳಿದಂತೆ. ಹಲಗೆ ಒರೆಸಿ ಸರಿಮಾಡಿದೆ. ಅವಳಿಗೆ ಶಾಬಾಸ್ ಎನ್ನುವ ದೊಡ್ಡ ಮನಸ್ಸು ಆ ದಿನ ನನಗೆ ಬರಲಿಲ್ಲ. “ಇನ್ನ ಮುಂದ ಕೈ ಎತ್ತಿ ಕೇಳು” ಎಂದೆ ಅಷ್ಟೆ.

ಹನ್ನೊಂದರ ಸೂತ್ರವನ್ನು ಕಲಿಸಿದ್ದು ಒಂದು ಶನಿವಾರ, ಹೊತ್ತು ಹೋಗದೆ. ಬಿಡಿಯ ಅಂಕಿಯಿಂದ ಶುರುಮಾಡಿ ಒಂದನ್ನು ಕೂಡುತ್ತಾ, ಮುಂದಿನದನ್ನು ಕಳೆಯುತ್ತಾ ಹೋಗಬೇಕು. ಕೊನೆಗೆ ಸೊನ್ನೆಯೋ ಹನ್ನೊಂದೋ ಬಂದರೆ ಆ ಸಂಖ್ಯೆ ಹನ್ನೊಂದರಿಂದ ಭಾಗವಾಗುತ್ತದೆ. ಪರೀಕ್ಷೆಗೆ ಬರುವುದಿಲ್ಲ ಎಂದೂ ಹೇಳಿದೆ. ಹಾಗೆಂದ ಮೇಲೆ ಐದು ಜನ ಮರೆತರು, ನಾನೂ ಮರೆತೆ.

ಆಗ ಶಾಲೆಗಳ ತಪಾಸಣೆಗೆ ಬರುವ ಅಧಿಕಾರಿಯನ್ನು ನಾಜಿರ ಸಾಹೇಬರು ಎನ್ನುತ್ತಿದ್ದೆವು. ನನ್ನ ಮೊದಲ ನಾಜಿರರು ಮಗ್ಗಿ ಕೇಳಿ, ಮಜ್ಜಿಗೆ ಕುಡಿದು, ಸಹಿ ಹಾಕಿ ಹೋಗುವವರು. ಯುದ್ಧದ ವರ್ಷಗಳಲ್ಲಿ ಬಂದವರು ಬೇರೆ ಥರದ ಮನುಷ್ಯ. ರಾಯಚೂರ ಕಡೆಯವರು, ಉರ್ದು, ಕನ್ನಡ ಎರಡನ್ನೂ ಚೆನ್ನಾಗಿ ಮಾತಾಡುತ್ತಿದ್ದರು. ತಲೆಯ ಮೇಲೆ ಕಪ್ಪು ಟೋಪಿ, ಮೂಗಿನ ತುದಿಯಲ್ಲಿ ಚಷ್ಮಾ. ಲೆಕ್ಕವೆಂದರೆ ಅವರಿಗೂ ಪ್ರೀತಿ. ಆದ್ದರಿಂದ ನಮ್ಮಿಬ್ಬರಿಗೂ ಸರಿಹೋಯಿತು. ನಾಲ್ಕನೆಯ ತರಗತಿಯ ಪರೀಕ್ಷೆಗೆ ಬಂದ ಸಂಜೆ ಅವರು ನನಗೆ, “ಮಾಸ್ತರ್, ನಾಕು ವರ್ಷ ಹಂಗಾಮಿ ಇದ್ದೀರಿ. ಈ ಸಲ ಖಾಯಂಗೆ ಸಿಫಾರಸು ಬರೀತೀನಿ” ಎಂದರು. ಖಾಯಂ ಎಂದರೆ ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಕಾಣದ ಮಾತು.

ಪರೀಕ್ಷೆಯ ರೂಢಿ ಹೀಗಿತ್ತು. ಯುದ್ಧದಿಂದಾಗಿ ಕಾಗದ ಸಿಗುತ್ತಿರಲಿಲ್ಲ, ಮಕ್ಕಳು ಪಾಟಿಯ ಮೇಲೆಯೇ ಬರೆಯಬೇಕು. ನಾಜಿರರು ಮೂರು ಲೆಕ್ಕ ಕೊಡುತ್ತಿದ್ದರು. ಮಾಸ್ತರನು ಅವನ್ನು ಬಿಡಿಸಿ ಉತ್ತರದ ಚೀಟಿ ಬರೆದು ಅವರ ಕೈಗೆ ಕೊಡಬೇಕು. ಎರಡು ಲೆಕ್ಕ ಸರಿಯಿದ್ದರೆ ಪಾಸು. ಚೀಟಿ ನೋಡಿ ಅವರು ಪಾಟಿಯ ಮೇಲೆ ಬಳಪದಿಂದ ಗುರುತು ಹಾಕುತ್ತಿದ್ದರು. ತಪ್ಪಿಗೆ ಒಂದು ಅಡ್ಡ ಗೀಟು, ಅದರ ತುದಿಗೆ ತಮ್ಮದೇ ಉರ್ದು ಅಕ್ಷರ. ಗುರುತು ಬಿದ್ದ ಕೂಡಲೇ ಪಾಟಿ ಒರೆಸಿ ಮುಂದಿನ ಲೆಕ್ಕಕ್ಕೆ ತಯಾರಾಗಬೇಕು. “ಒರಸ್ರಿ” ಎಂದು ಕೂಗುವುದು ನನ್ನ ಕೆಲಸ.

ಈ ಪರೀಕ್ಷೆಯ ಮೇಲೆ ಇಮಾಂಬಿಯ ಮುಂದಿನ ಬದುಕೇ ನಿಂತಿತ್ತು. ಕೊಪ್ಪಳದಲ್ಲಿ ಅವಳ ಚಿಕ್ಕವ್ವನ ಮನೆಯಿತ್ತು. ಪಾಸಾದರೆ ಅಲ್ಲಿಗೆ ಕಳಿಸಿ ಮುಂದೆ ಓದಿಸುತ್ತೇನೆ, ನಪಾಸಾದರೆ ಮನೆಯಲ್ಲೇ ಇರಲಿ, ಅಣ್ಣ ನೋಡಿದ ಗಂಡಿಗೆ ಮಾತು ಕೊಡುತ್ತೇನೆ ಎಂದು ಮೌಲಾಸಾಬ ತನ್ನ ಅಣ್ಣಂದಿರ ಮುಂದೆ ಒಪ್ಪಿಕೊಂಡಿದ್ದ. ಅವಳಿಗೆ ಹನ್ನೆರಡು ತುಂಬಿರಲಿಲ್ಲ.

ಮೊದಲ ಲೆಕ್ಕ ಸುಲಭದ ಕಳೆಯುವುದು, ಎಲ್ಲರದೂ ಸರಿ. ಎರಡನೆಯದು ಉದ್ದನೆಯ ಭಾಗಾಕಾರ. ಇಮಾಂಬಿ ನಡುವೆ ಒಂದು ಸೊನ್ನೆ ಬಿಟ್ಟಳು, ನಿಜವಾಗಿಯೂ ತಪ್ಪು. ದುರುಗಪ್ಪನದೂ ತಪ್ಪಿತ್ತು. ಮೂರನೆಯದು ಗುಣಾಕಾರ: 374ನ್ನು 263ರಿಂದ ಗುಣಿಸಬೇಕು. ನಾನು ನನ್ನ ಪಾಟಿಯ ಮೇಲೆ ಬಿಡಿಸಿದೆ, ಚೀಟಿಗೆ ಇಳಿಸಿದೆ. ಇಳಿಸಿದ ಮೇಲೆ ಒಂಬತ್ತರ ಪರೀಕ್ಷೆ ಮಾಡಿದೆ, ಸರಿಬಂತು. ನನ್ನ ಪಾಟಿ ಒರೆಸಿದೆ. ಚೀಟಿಯಲ್ಲಿ ನಾನು ಬರೆದದ್ದು 98632.

ನಾಜಿರರು ಸಾಲಾಗಿ ನೋಡುತ್ತಾ ಬಂದರು. ಇಬ್ಬರು ಹುಡುಗರು ಗುಣಾಕಾರವನ್ನು ಅರ್ಧಕ್ಕೇ ಬಿಟ್ಟಿದ್ದರು. ಉಳಿದ ಇನ್ನಿಬ್ಬರು ಬರೆದದ್ದು ಯಾವುದೋ ಸಣ್ಣ ಸಂಖ್ಯೆ. ಆ ನಾಲ್ವರೂ ಮೊದಲೆರಡು ಸರಿಮಾಡಿದ್ದರಿಂದ ಪಾಸು. ಇಮಾಂಬಿಯ ಪಾಟಿ ನೋಡಿ, ಚೀಟಿಯ ಉತ್ತರವನ್ನು ಗಟ್ಟಿಯಾಗಿ ಓದಿ, ಗೀಟು ಎಳೆದರು. ದುರುಗಪ್ಪನ ಪಾಟಿಗೂ ಎಳೆದರು. ನಾನು “ಒರಸ್ರಿ” ಎಂದೆ. ದುರುಗಪ್ಪ ತಕ್ಷಣ ಅಂಗಿಯ ತುದಿಯಿಂದ ಒರೆಸಿದ. ಇಮಾಂಬಿ ಒರೆಸಲಿಲ್ಲ. ನಾನು ಇನ್ನೊಮ್ಮೆ ಗದರಿದೆ. ಅವಳು ಪಾಟಿಯನ್ನು ಎದೆಗೆ ಆನಿಸದೆ, ಎರಡೂ ಅಂಚು ಹಿಡಿದು ದೂರವಿಟ್ಟುಕೊಂಡು, ಹಾಗೇ ಎದ್ದು ಮನೆಗೆ ಹೋದಳು. ನಾಜಿರ ಸಾಹೇಬರು ನಕ್ಕು, “ಸಿಟ್ಟು ಭಾಳ ಐತಿ ಹುಡುಗಿಗೆ” ಎಂದರು. ಪಾಸು-ನಪಾಸಿನ ಪಟ್ಟಿಗೆ ಸಹಿ ಹಾಕಿ, ಬಂಡಿ ಹತ್ತಿ ಕುಷ್ಟಗಿಯ ದಾರಿ ಹಿಡಿದರು.

ಮರುದಿನ ಬೆಳಿಗ್ಗೆ ಶಾಲೆಯ ಕಟ್ಟೆಯ ಮೇಲೆ ಅವಳು ಕುಳಿತಿದ್ದಳು. ಪಾಟಿ ತೊಡೆಯ ಮೇಲಿತ್ತು, ಬರೆದದ್ದು ಹಾಗೇ ಇತ್ತು. ಪಕ್ಕದಲ್ಲಿ ಮೌಲಾಸಾಬ ನಿಂತಿದ್ದ, ಮುಖ ನೆಲದ ಕಡೆ.

“ಮಾಸ್ತರ, ಈಕಿ ರಾತ್ರಿ ಉಂಡಿಲ್ರಿ. ನಿಮಗ ಏನೋ ತೋರಸ್ತಾಳಂತ. ಒಮ್ಮೆ ನೋಡಿಬಿಡ್ರಿ, ನಮ್ಮ ಸಮಾಧಾನಕ್ಕ” ಎಂದ.

“ನಂದು ಸರಿ ಐತ್ರಿ ಮಾಸ್ತರ” ಎಂದಳು ಇಮಾಂಬಿ.

ಪಾಟಿಯ ಮೇಲೆ 98362 ಇತ್ತು. ಅಂಕಿಗಳನ್ನು ಕೂಡಿಸಿದೆ. ಇಪ್ಪತ್ತೆಂಟು, ಹತ್ತು, ಒಂದು. ನನ್ನ ಉತ್ತರಕ್ಕೂ ಒಂದೇ. ಎರಡೂ ಒಂಬತ್ತಕ್ಕೆ ಸರಿ.

“ಒಂಬತ್ತು ಬ್ಯಾಡ್ರಿ, ಹನ್ನೊಂದು ನೋಡ್ರಿ” ಎಂದಳು. “ಮುನ್ನೂರಾ ಎಪ್ಪತ್ನಾಕು ಹನ್ನೊಂದರಾಗ ಹೋಗತೈತಿ. ನಾಕರಾಗ ಏಳು ಕಳದು ಮೂರು ಕೂಡಿಸಿದ್ರ ಸೊನ್ನಿ. ಅದನ್ನ ಎಷ್ಟರಿಂದ ಗುಣಸಿದ್ರೂ ಉತ್ತರ ಹನ್ನೊಂದರಾಗ ಹೋಗಬೇಕಲ್ರಿ? ನಂದು ಹೋಗತೈತಿ. ನಿಮ್ಮ ಚೀಟಿದು ನಾಜಿರ ಸಾಹೇಬ್ರು ಓದಿ ಹೇಳ್ಯಾರಲ್ರಿ, ಅದು ಹೋಗಂಗಿಲ್ಲ.”

ನಾನು ಮಾಡಿ ನೋಡಿದೆ. ಅವಳ ಉತ್ತರಕ್ಕೆ ಸೊನ್ನೆ ಬಂತು, ನನ್ನದಕ್ಕೆ ಆರು. ಆಮೇಲೆ ಕಟ್ಟೆಯ ಮೇಲೆಯೇ ಕುಳಿತು ಪೂರಾ ಗುಣಿಸಿದೆ. ಇಳಿಸುವಾಗ ಮೂರನ್ನೂ ಆರನ್ನೂ ಅದಲುಬದಲು ಮಾಡಿದ್ದೆ. ಅಂಕಿಗಳು ಅವೇ ಇದ್ದದ್ದರಿಂದ ಮೊತ್ತವೂ ಅದೇ. ಒಂಬತ್ತರ ಪರೀಕ್ಷೆಗೆ ಅಂಥ ತಪ್ಪು ಕಾಣುವುದೇ ಇಲ್ಲ. ದೊಡ್ಡ ಮಾಸ್ತರರು ಹೇಳಿದ್ದರು.

ಈಗ ಸುಳ್ಳು ಹೇಳಬಾರದು. ಮೊದಲು ನನಗೆ ನೆನಪಾದದ್ದು ಹುಡುಗಿಯಲ್ಲ, ಖಾಯಂ ಸಿಫಾರಸು. ಇನ್ನೊಂದು ವರ್ಷ ಓದಲಿ, ಮುಂದಿನ ಸಲ ಪಾಸಾಗುತ್ತಾಳೆ ಎಂದುಬಿಡೋಣ ಎನ್ನಿಸಿತು. ಬಾಯಿ ತೆರೆದೂ ಬಿಟ್ಟಿದ್ದೆ. ಅಷ್ಟರಲ್ಲಿ ಮೌಲಾಸಾಬ, “ಅಣ್ಣ ಇವತ್ತು ಗಂಡಿನ ಕಡಿಯವರಿಗೆ ಹೇಳಿ ಕಳಸ್ತೀನಿ ಅಂದಾನ್ರಿ” ಎಂದ.

“ಅಣ್ಣಗ ಎರಡು ದಿನ ತಡಿ ಅಂತ ಹೇಳು. ತಪ್ಪು ನಂದು. ಕುಷ್ಟಗಿಗೆ ಹೋಗೂಣು” ಎಂದೆ.

ನಾಜಿರರು ಗೀಟೆಳೆದ ಪಾಟಿಯನ್ನು ಅಳಿಸದಂತೆ ಒಯ್ಯಬೇಕಿತ್ತು. ಅದಿಲ್ಲದಿದ್ದರೆ ಮಾಸ್ತರ ತನ್ನ ಶಿಷ್ಯೆಗಾಗಿ ಕತೆ ಕಟ್ಟಿದ್ದಾನೆ ಎನ್ನಬಹುದು. ಮೌಲಾಸಾಬ ತನ್ನ ಕಸುಬಿಗೆ ತಕ್ಕಂತೆ ಅರಳೆ ತಂದು ಸುತ್ತಲು ಹೋದ. “ಅರಳಿ ಹಚ್ಚಬ್ಯಾಡಪ್ಪ, ಎಲ್ಲಾ ಅಳಿಸಿ ಹೋಗತೈತಿ” ಎಂದು ಇಮಾಂಬಿ ಪಾಟಿಯನ್ನು ಕಸಿದುಕೊಂಡಳು. ಕೊನೆಗೆ ಅವಳೂ ಬರಬೇಕಾಯಿತು. ತಾವರಗೇರಿಯ ತನಕ ನಡೆದೆವು, ಅಲ್ಲಿಂದ ಕುಷ್ಟಗಿಗೆ ಹತ್ತಿಯ ಬಂಡಿ ಸಿಕ್ಕಿತು. ದಾರಿಯುದ್ದಕ್ಕೂ ಅವಳು ಪಾಟಿಯನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು, ಬಂಡಿ ಕುಲುಕಿದಾಗೆಲ್ಲ ಎರಡು ಕೈಯಿಂದ ಎತ್ತಿ ಹಿಡಿಯುತ್ತಿದ್ದಳು. ನೀರು ಕುಡಿಯುವಾಗಲೂ ಕೆಳಗಿಡಲಿಲ್ಲ, ಅಪ್ಪ ಕುಡಿಸಿದ.

ನಾಜಿರ ಸಾಹೇಬರು ಕುಷ್ಟಗಿಯ ಮುಸಾಫರಿ ಬಂಗ್ಲೆಯ ಜಗಲಿಯಲ್ಲಿ ಕಾಗದ ನೋಡುತ್ತಿದ್ದರು. ನಾನು ನಡೆದದ್ದನ್ನು ಒಂದೇ ಉಸಿರಿಗೆ ಹೇಳಿದೆ. ಅವರು ಪಾಟಿ ತೆಗೆದುಕೊಂಡು ತಮ್ಮ ಗೀಟನ್ನೂ ಅಕ್ಷರವನ್ನೂ ನೋಡಿದರು. ಚೀಟಿ ಹೊರತೆಗೆದು ಪಕ್ಕದಲ್ಲಿಟ್ಟರು. ಅವರ ತುಟಿ ಅಲುಗುತ್ತಿತ್ತು; ಅಂಕಿ ಕೂಡಿಸುತ್ತಿದ್ದರು.

“ಎರಡೂ ಸರಿ ಬರ್ತಾವಲ್ಲ” ಎಂದರು. ಆಮೇಲೆ ಇಮಾಂಬಿಯ ಕಡೆ ನೋಡಿ, “ನೀ ಹೇಳು, ಬೇಟಿ” ಎಂದರು.

ಅವಳು ಅಪ್ಪನ ಹಿಂದಿನಿಂದ ಮುಂದೆ ಬಂದು ಹನ್ನೊಂದರ ಮಾತು ಹೇಳಿದಳು. ಬೆಳಿಗ್ಗೆ ನನಗೆ ಹೇಳಿದ್ದಷ್ಟೇ, ಒಂದು ಮಾತು ಹೆಚ್ಚಿಲ್ಲ. ಅವರು ಪೂರಾ ಗುಣಿಸಿ ನೋಡಿದರು. ಪಟ್ಟಿ ಇನ್ನೂ ರಾಯಚೂರಿಗೆ ಹೋಗಿರಲಿಲ್ಲ. ಇಮಾಂಬಿಯ ಹೆಸರಿನ ಮುಂದೆ ಇದ್ದದ್ದನ್ನು ಹೊಡೆದು, ಪಾಸು ಎಂದು ಬರೆದು, ಸಹಿ ಮಾಡಿದರು. ಮೌಲಾಸಾಬ ಅಲ್ಲೇ ಕುಸಿದು ಕುಳಿತು ರುಮಾಲಿನಿಂದ ಕಣ್ಣು ಒರೆಸಿಕೊಂಡ. ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಆಗ ನಾಜಿರರು ಚಷ್ಮಾ ತೆಗೆದು ಕೇಳಿದರು:

“ಈ ಚೀಟಿ ನೋಡಿ ಇನ್ನೊಬ್ಬ ಹುಡುಗಗೂ ಗೀಟು ಎಳದೀನಿ. ಅವನ ಪಾಟಿ ಎಲ್ಲಿ?”

“ಒರಸ್ಯಾನ್ರಿ” ಎಂದೆ.

“ಅವನ ಉತ್ತರ ಏನಿತ್ತು? ನನಗ ನೆನಪಿಲ್ಲ. ನಿಮಗ ಐತೇನು?”

ನಾನು ನೋಡಿಯೇ ಇರಲಿಲ್ಲ. ಗೀಟು ಮಾತ್ರ ನೋಡಿದ್ದೆ.

ಅವರು ಚಷ್ಮಾ ಮತ್ತೆ ಏರಿಸಿ ಪಟ್ಟಿಯಲ್ಲಿ ದುರುಗಪ್ಪನ ಹೆಸರು ಹುಡುಕಿದರು. ಕಡೆಗೆ, “ಪುರಾವೆ ಇಲ್ಲದೆ ನನಗ ಪಾಸು ಬರಿಯಾಕ ಬರಂಗಿಲ್ಲ. ಎರಡು ತಿಂಗಳಿಗೆ ಮತ್ತ ಈ ಕಡೆ ಬರ್ತೀನಿ, ಬ್ಯಾರೆ ಲೆಕ್ಕ ಕೇಳ್ತೀನಿ. ಅಲ್ಲೀತನಕ ಅವನನ್ನ ಬಿಡಬ್ಯಾಡ್ರಿ” ಎಂದರು. ಖಾಯಂ ಸಿಫಾರಸಿನ ಕಾಗದವನ್ನು ನನ್ನ ಮುಂದೆಯೇ ಹಿಂದಕ್ಕೆ ತೆಗೆದಿಟ್ಟರು. ಇನ್ನೆರಡು ವರ್ಷ ಹಂಗಾಮಿಯಾಗಿಯೇ ಇದ್ದೆ. ಅದಕ್ಕೆ ನನಗೆ ದುಃಖವಿಲ್ಲ, ಅವರು ಮಾಡಿದ್ದು ಸರಿ.

ಇಮಾಂಬಿ ಕೊಪ್ಪಳಕ್ಕೆ ಹೋದಳು. ಮೂರು ವರ್ಷ ಓದಿದಳು, ಅನಂತರ ಅಲ್ಲೇ ಮದುವೆಯಾಯಿತು. ನಾನು ಊರಿಗೆ ಮರಳಿದ ಸಂಜೆಯೇ ದುರುಗಪ್ಪನ ಮನೆಗೆ ಹೋದೆ. ಅವನು ಹಿತ್ತಿಲಲ್ಲಿ ಕಟ್ಟಿಗೆ ಒಡೆಯುತ್ತಿದ್ದ. ನನ್ನನ್ನು ಕಂಡು ಕೊಡಲಿ ಕೆಳಗಿಟ್ಟು, ಕೈ ಕಟ್ಟಿ ನಿಂತ.

“ದುರುಗಪ್ಪ, ಮೂರನೇ ಲೆಕ್ಕದ ಉತ್ತರ ಏನು ಬರದಿದ್ದಿ? ನೆನಪು ಮಾಡಿ ಹೇಳು” ಎಂದೆ.

“ನೆನಪಿಲ್ರಿ ಮಾಸ್ತರ. ನೀವು ಒರಸ್ರಿ ಅಂದ್ರಿ, ಒರಸಿದೆ.”

“ತೊಂಬತ್ತೆಂಟು ಸಾವಿರ ಇತ್ತೇನು? ಮುನ್ನೂರಾ ಅರವತ್ತೆರಡು?”

ಅವನು ನನ್ನ ಮುಖ ನೋಡಿದ. ಯಾವ ಉತ್ತರ ಹೇಳಿದರೆ ನನಗೆ ಸಮಾಧಾನವಾದೀತು ಎಂದು ಹುಡುಕುತ್ತಿದ್ದ. “ನೀವು ಹೆಂಗ ಹೇಳ್ತೀರಿ ಹಂಗ್ರಿ” ಎಂದ. ನಾಲ್ಕು ವರ್ಷ ನಾನು ಅವನಿಗೆ ಕಲಿಸಿದ್ದು ಅದನ್ನೇ.

ಪಾಟಿ ತರಿಸಿ ಅದೇ ಲೆಕ್ಕವನ್ನು ಮತ್ತೆ ಮಾಡಿಸಿದೆ. ಹೆದರಿ ಮೊದಲ ಸಾಲಿನಲ್ಲೇ ತಪ್ಪಿದ. ಅದರಿಂದ ಏನೂ ತಿಳಿಯಲಿಲ್ಲ. ಪರೀಕ್ಷೆಯ ದಿನ ಅವನು ಹೆದರಿರಲಿಲ್ಲ. ನಾಜಿರರು ಮತ್ತೆ ಬರುತ್ತಾರೆ, ಅಲ್ಲಿಯ ತನಕ ಶಾಲೆ ಬಿಡಿಸಬೇಡ ಎಂದು ಅವನ ಅವ್ವನಿಗೆ ಹೇಳಿದೆ. “ನಪಾಸ್ ಆಗ್ಯಾನಲ್ರಿ, ಇನ್ನ ಯಾಕ್ರಿ ಸಾಲಿ” ಎಂದಳು ಆಕೆ. ಮುಂದಿನ ತಿಂಗಳು ಅವರ ಮನೆಯವರೆಲ್ಲ ಗಂಗಾವತಿ ಕಡೆ ಭತ್ತದ ಗದ್ದೆಯ ಕೂಲಿಗೆ ಹೋದರು. ನಾಜಿರ ಸಾಹೇಬರು ಹೇಳಿದಂತೆಯೇ ಎರಡು ತಿಂಗಳಿಗೆ ಬಂದು, ಬಂಡಿ ಇಳಿಯುವ ಮೊದಲೇ, “ಆ ಹುಡುಗ ಎಲ್ಲಿ ಅದಾನ?” ಎಂದು ಕೇಳಿದರು.

ಗಂಗಾವತಿಗೆ ಎರಡು ಸಲ ಹೋಗಿ ಗದ್ದೆಯಿಂದ ಗದ್ದೆಗೆ ಹುಡುಕಿದೆ. ಸಿಗಲಿಲ್ಲ. ಅವರ ಮನೆಯವರು ಆ ಊರಿಗೆ ಮತ್ತೆ ಬರಲೂ ಇಲ್ಲ.

ಈಗ ನಿಮಗೆ ಕಾಗದದ ಪರೀಕ್ಷೆಗಳಿವೆ, ಒರೆಸುವ ಮಾತೇ ಇಲ್ಲ. ಆದರೂ ಹುಡುಗನ ಉತ್ತರದ ಮೇಲೆ ತಪ್ಪು ಎಂದು ಬರೆಯುವ ಮೊದಲು ಅವನು ಬರೆದದ್ದನ್ನು ಓದಿ. ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಮಾಸ್ತರಿಕೆ ಮಾಡಿದೆ, ನೂರಾರು ಮಕ್ಕಳ ಲೆಕ್ಕ ನೋಡಿದೆ. ದುರುಗಪ್ಪ ಅಂದು ಪಾಸಾಗಿದ್ದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.